ದೊಡ್ಡ ಕರುಳಿನ ಕ್ಯಾನ್ಸರ್: ಯಾವ ಪರೀಕ್ಷೆ, ಯಾವಾಗ, ಏಕೆ?

ಮಲದ ಜೊತೆ ರಕ್ತ ಬಿದ್ದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು, "ಉಷ್ಣ ಆಗಿರ್ಬೇಕು, ಎಳನೀರು ಕುಡಿ." ವಾರ ಬಿಟ್ಟು ಮತ್ತೆ ಬಿದ್ದರೆ ಎರಡನೇ ಮಾತು, "ಮೂಲವ್ಯಾಧಿ ಇರ್ಬೇಕು." ಅಲ್ಲಿಗೆ ವಿಚಾರ ಮುಗಿಯಿತು. ಬಸ್ ನಿಲ್ದಾಣದ ಗೋಡೆಯ ಮೇಲೆ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ' ಎಂಬ ಬೋರ್ಡು ಹೇಗೂ ಇರುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ದುಡಿಯುವವರು, ದೇವನಹಳ್ಳಿಯ ತೋಟಗಳಲ್ಲಿ ಕೂಲಿ ಮಾಡುವವರು, ಹೊಸಕೋಟೆ, ನೆಲಮಂಗಲದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು ಒಂದು ದಿನದ ದುಡಿಮೆ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವೂ ಅಲ್ಲ. ಜೊತೆಗೆ ನಾಚಿಕೆ. ಇಂಥ ಜಾಗದ ತೊಂದರೆಯನ್ನು ಯಾರ ಹತ್ತಿರ ಹೇಳೋದು?

ಹೆಚ್ಚಿನ ಸಲ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಕೆಲವು ಸಲ ಅದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಆಗಿರುತ್ತದೆ. ಎರಡನ್ನೂ ಮನೆಯಲ್ಲಿ ಕೂತು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು. ಈಗಂತೂ ಪರೀಕ್ಷೆಗಳ ಪಟ್ಟಿ ಬಹಳ ಉದ್ದವಾಗಿದೆ. ಕೆಲವು ನೂರು ರೂಪಾಯಿಗೆ ಮುಗಿಯುತ್ತವೆ, ಕೆಲವಕ್ಕೆ ಸಾವಿರಗಟ್ಟಲೆ ಬೇಕು. ಯಾವುದು ಯಾವಾಗ ಬೇಕು, ಯಾವುದು ಬೇಡ ಎಂದು ತಿಳಿಯದಿದ್ದರೆ ಹಣವೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಕರುಳಿನಲ್ಲಿ ಏನಾಗುತ್ತದೆ?

ನಾವು ತಿಂದ ಅನ್ನ, ಮುದ್ದೆ ಸಣ್ಣ ಕರುಳಿನಲ್ಲಿ ಜೀರ್ಣವಾಗಿ, ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ನೀರು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ. ಈ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ವಯಸ್ಸಾದಂತೆ ಚಿಕ್ಕ ಗಂಟುಗಳು ಬೆಳೆಯುತ್ತವೆ. ಇವನ್ನು ವೈದ್ಯರು ಪಾಲಿಪ್ ಎನ್ನುತ್ತಾರೆ. ಎಲ್ಲ ಪಾಲಿಪ್‌ಗಳೂ ಕೆಟ್ಟವಲ್ಲ. ಆದರೆ ಕೆಲವು ನಿಧಾನವಾಗಿ ಕ್ಯಾನ್ಸರ್ ಆಗಿ ತಿರುಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಅಂದರೆ ಈ ರೋಗ ನಮಗೆ ಬೇಕಾದಷ್ಟು ಸಮಯ ಕೊಡುತ್ತದೆ, ನಾವು ಬಳಸಿಕೊಂಡರೆ.

2022ರಲ್ಲಿ ಪ್ರಪಂಚದಾದ್ಯಂತ ಸುಮಾರು 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ತೀರಿಕೊಂಡರು. ಪಶ್ಚಿಮ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದು ಕಡಿಮೆ. ಆದರೆ ನಮ್ಮ ರೋಗಿಗಳಲ್ಲಿ ನಲವತ್ತು ದಾಟದವರೂ ಕಾಣಸಿಗುತ್ತಾರೆ, ಬಹಳಷ್ಟು ಜನ ತಡವಾಗಿ ಬರುತ್ತಾರೆ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಲೆಕ್ಕ ನೋಡೋಣ. ರೋಗ ಕರುಳಿನೊಳಗೇ ಇರುವಾಗ ಪತ್ತೆಯಾದರೆ 100 ಜನರಲ್ಲಿ ಸುಮಾರು 90 ಜನ 5 ವರ್ಷದ ನಂತರವೂ ಬದುಕಿರುತ್ತಾರೆ. ಪಿತ್ತಜನಕಾಂಗಕ್ಕೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಪತ್ತೆಯಾದರೆ ಆ ಸಂಖ್ಯೆ ಸುಮಾರು 15ಕ್ಕೆ ಇಳಿಯುತ್ತದೆ. ಅಲ್ಲಿನ ಆಸ್ಪತ್ರೆಗಳು, ಔಷಧಿಗಳು ಇದ್ದೂ ಈ ಸ್ಥಿತಿ.

'ಗುರುತು' ಅಂದರೇನು?

ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಮೇಲೆ ಹೆಜ್ಜೆ ಗುರುತು ಕಾಣುತ್ತದೆ. ಪ್ರಾಣಿಯನ್ನು ನಾವು ನೋಡಿಲ್ಲ. ಆದರೂ ಗುರುತು ನೋಡಿ ಮೂರು ವಿಷಯ ಹೇಳಬಹುದು. ರಾತ್ರಿ ಏನೋ ಬಂದಿತ್ತು. ಅದು ನಾಯಿಯೋ, ಹಂದಿಯೋ, ಚಿರತೆಯೋ ಗೊತ್ತಾಗುತ್ತದೆ. ಓಡಿಸಿದ ಮೇಲೆ ಮತ್ತೆ ಬಂತೋ ಇಲ್ಲವೋ, ಅದೂ ತಿಳಿಯುತ್ತದೆ.

ಕ್ಯಾನ್ಸರ್ ಕೂಡ ಹೀಗೆಯೇ ಮೈಯೊಳಗೆ ಗುರುತು ಬಿಡುತ್ತದೆ. ರಕ್ತದಲ್ಲಿ, ಮಲದಲ್ಲಿ, ಗಂಟಿನ ತುಣುಕಿನಲ್ಲಿ ಸಿಗುವ ಇಂಥ ಗುರುತುಗಳಿಗೆ ವೈದ್ಯರು ಬಯೋಮಾರ್ಕರ್ ಎನ್ನುತ್ತಾರೆ. ಕನ್ನಡದಲ್ಲಿ ಜೈವಿಕ ಸೂಚಕ ಅನ್ನಬಹುದು. ಹೆಜ್ಜೆ ಗುರುತಿನ ಹಾಗೆ ಇವೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

1. ರೋಗ ಇರಬಹುದೇ?
2. ಇದ್ದರೆ ಯಾವ ಬಗೆಯದು, ಯಾವ ಔಷಧಿ ಹಿಡಿಯುತ್ತದೆ?
3. ಚಿಕಿತ್ಸೆಯ ನಂತರ ಮರಳಿ ಬಂತೇ?

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುವ ಪರೀಕ್ಷೆ ಇನ್ನೊಂದು ಪ್ರಶ್ನೆಗೆ ತಪ್ಪು ಉತ್ತರ ಕೊಡಬಹುದು. ನಮ್ಮ ಜನ ಮೋಸಹೋಗುವುದು, ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಮೊದಲ ಪ್ರಶ್ನೆ: ರೋಗ ಇರಬಹುದೇ?

ಎಲ್ಲಕ್ಕಿಂತ ಅಗ್ಗದ ಗುರುತು ಹಿಮೋಗ್ಲೋಬಿನ್. ಇದರ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ದೊಡ್ಡ ಕರುಳಿನ ಬಲಭಾಗದಲ್ಲಿ ಗಂಟು ಬೆಳೆದರೆ ಕಣ್ಣಿಗೆ ಕಾಣುವಂತೆ ರಕ್ತ ಬೀಳುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಒಸರಿ ಮಲದಲ್ಲಿ ಬೆರೆತು ಹೋಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ರಕ್ತಹೀನತೆ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸ ಮಾಡಲು ಸುಸ್ತು. ನಮ್ಮಲ್ಲಿ ಇದನ್ನು "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡುತ್ತಾರೆ, ಇಲ್ಲವೇ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶದ ಕೊರತೆಯಿಂದ ರಕ್ತ ಕಡಿಮೆಯಾದರೆ, "ರಕ್ತ ಎಲ್ಲಿಗೆ ಹೋಗ್ತಾ ಇದೆ ಡಾಕ್ಟ್ರೇ?" ಎಂದು ಕೇಳಲೇಬೇಕು. ಮಾತ್ರೆಯಿಂದ ರಕ್ತ ಏರಿತು ಎಂದು ಆ ಪ್ರಶ್ನೆಯನ್ನು ಮರೆಯಬಾರದು.

ಎರಡನೆಯದು ಮಲ ಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನು ಇದು ಹಿಡಿಯುತ್ತದೆ. ಪ್ರಯೋಗಾಲಯದವರು ಇದಕ್ಕೆ 'ಆಕಲ್ಟ್ ಬ್ಲಡ್' ಪರೀಕ್ಷೆ ಎನ್ನುತ್ತಾರೆ. ಹಳೆಯ ವಿಧಾನದಲ್ಲಿ ಮಾಂಸಾಹಾರ, ಕೆಲವು ತರಕಾರಿಗಳಿಂದ ಫಲಿತಾಂಶ ತಪ್ಪಾಗುವ ಸಂಭವ ಇತ್ತು. ಈಗ ಬಂದಿರುವ ಫಿಟ್ ಎಂಬ ಪರೀಕ್ಷೆ ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ. ಇದಕ್ಕೆ ಪಥ್ಯವಿಲ್ಲ. ಒಂದು ಕಡ್ಡಿಯಲ್ಲಿ ಸ್ವಲ್ಪ ಮಲ ತೆಗೆದು ಕೊಟ್ಟರೆ ಸಾಕು. ಕರುಳಿನ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 75ರಿಂದ 80 ಜನರನ್ನು ಇದು ಒಂದೇ ಸಲಕ್ಕೆ ಹಿಡಿಯುತ್ತದೆ. ಉಳಿದವರು ತಪ್ಪಿಹೋಗಬಹುದು. ಆದ್ದರಿಂದಲೇ ಇದನ್ನು ತಪಾಸಣೆಗೆ ಬಳಸುವ ದೇಶಗಳಲ್ಲಿ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾಡಿಸುತ್ತಾರೆ. ಮೂಲವ್ಯಾಧಿ ಇದ್ದರೂ ಈ ಪರೀಕ್ಷೆಯಲ್ಲಿ ರಕ್ತ ಕಾಣಿಸಬಹುದು. 'ಪಾಸಿಟಿವ್' ಬಂತು ಅಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದು ಅರ್ಥ.

ನಮ್ಮ ಸರ್ಕಾರದ ಅಸಾಂಕ್ರಾಮಿಕ ರೋಗಗಳ ತಪಾಸಣೆಯಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತಾರೆ. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳುವುದಿಲ್ಲ. ಆದ್ದರಿಂದ ಲಕ್ಷಣ ಕಂಡಾಗ ನಾವೇ ಬಾಯಿಬಿಡಬೇಕು.

ಇನ್ನು ರಕ್ತದಲ್ಲಿನ ಸಿ.ಇ.ಎ. ಎಂಬ ಗುರುತು. ಇದನ್ನು 1965ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯ ವಿಜ್ಞಾನಿಗಳು ಕಂಡುಹಿಡಿದರು. ಒಂದು ತೊಟ್ಟು ರಕ್ತದಿಂದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂದು ಆಗ ಎಲ್ಲರಿಗೂ ಬಹಳ ಆಸೆ ಇತ್ತು. ಆದರೆ ಆರಂಭದ ಹಂತದ ಹೆಚ್ಚಿನ ರೋಗಿಗಳಲ್ಲಿ ಇದು ಮಾಮೂಲಿ ಮಟ್ಟದಲ್ಲೇ ಇರುತ್ತದೆ. ಇತ್ತ ಬೀಡಿ, ಸಿಗರೇಟು ಸೇದುವವರಲ್ಲಿ, ಪಿತ್ತಜನಕಾಂಗದ ಕಾಯಿಲೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರುತ್ತದೆ. ಹಾಗಾಗಿ ರೋಗ ಇದೆಯೋ ಇಲ್ಲವೋ ಎಂದು ಹುಡುಕಲು ಸಿ.ಇ.ಎ. ಸರಿಯಾದ ಪರೀಕ್ಷೆ ಅಲ್ಲ. 'ಪೂರ್ತಿ ದೇಹ ತಪಾಸಣೆ' ಎಂಬ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸುವುದುಂಟು. ಮಲದಲ್ಲಿ ರಕ್ತ ಬೀಳುತ್ತಿರುವವರು "ಸಿ.ಇ.ಎ. ನಾರ್ಮಲ್ ಬಂದಿದೆ, ಏನೂ ಇಲ್ಲ" ಎಂದು ನೆಮ್ಮದಿಯಾಗಿ ಕೂತರೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ಇದರ ನಿಜವಾದ ಉಪಯೋಗ ಮೂರನೇ ಪ್ರಶ್ನೆಯಲ್ಲಿದೆ, ಮುಂದೆ ನೋಡೋಣ.

ಕೊನೆಯ ಮಾತು ಹೇಳುವುದು ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ. ಹಿಂದಿನ ದಿನ ಔಷಧಿ ಕುಡಿಸಿ ಕರುಳನ್ನು ಖಾಲಿ ಮಾಡಿಸಿ, ಕ್ಯಾಮೆರಾ ಇರುವ ತೆಳುವಾದ ಕೊಳವೆಯಿಂದ ದೊಡ್ಡ ಕರುಳನ್ನೆಲ್ಲ ನೋಡುತ್ತಾರೆ. ಪಾಲಿಪ್ ಕಂಡರೆ ಹೆಚ್ಚಿನ ಸಲ ಅಲ್ಲೇ ತೆಗೆದುಬಿಡಬಹುದು. ಅಂದರೆ ಕ್ಯಾನ್ಸರ್ ಆಗುವ ಮೊದಲೇ ಅದನ್ನು ತಡೆದಂತೆ. ಅನುಮಾನದ ಗಂಟು ಕಂಡರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೂ ಮೊದಲು ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಗುದದ್ವಾರವನ್ನು ಪರೀಕ್ಷಿಸುತ್ತಾರೆ. ಒಂದು ನಿಮಿಷದ ಕೆಲಸ. ಗುದನಾಳದ ಎಷ್ಟೋ ಗಂಟುಗಳು ಬೆರಳಿಗೇ ಸಿಗುತ್ತವೆ. ನಾಚಿಕೆಯಿಂದ ಬೇಡ ಅನ್ನಬಾರದು. ಹೆಣ್ಣುಮಕ್ಕಳು ಲೇಡಿ ಡಾಕ್ಟರ್ ಬೇಕೆಂದು ಕೇಳಬಹುದು, ಮನೆಯವರೊಬ್ಬರನ್ನು ಜೊತೆಯಲ್ಲಿಟ್ಟುಕೊಳ್ಳಬಹುದು.

ಎರಡನೇ ಪ್ರಶ್ನೆ: ಯಾವ ಬಗೆಯದು?

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಮನೆಯಲ್ಲಿ ದುಃಖ, ಗಾಬರಿ. "ಬೇಗ ಆಪರೇಷನ್ ಮಾಡ್ಸಿ, ಬೇಗ ಇಂಜೆಕ್ಷನ್ ಕೊಡ್ಸಿ" ಎಂದು ಎಲ್ಲರೂ ಹೇಳುತ್ತಾರೆ. ಬೇಗ ಆಗಬೇಕು, ನಿಜ. ಆದರೆ ಒಂದೇ ಹೆಸರಿನ ಈ ರೋಗದೊಳಗೆ ಹಲವು ಬಗೆಗಳಿವೆ. ಒಬ್ಬರಿಗೆ ಹಿಡಿದ ಔಷಧಿ ಇನ್ನೊಬ್ಬರಿಗೆ ಹಿಡಿಯುವುದಿಲ್ಲ. ಅದನ್ನು ತಿಳಿಯಲು ಅದೇ ತುಣುಕಿನ ಮೇಲೆ ಇನ್ನೂ ಕೆಲವು ಪರೀಕ್ಷೆ ಮಾಡುತ್ತಾರೆ.

ಮೊದಲನೆಯದು ಎಂ.ಎಂ.ಆರ್. ಪರೀಕ್ಷೆ. ದೊಡ್ಡಬಳ್ಳಾಪುರದವರಿಗೆ ಇದನ್ನು ಮಗ್ಗದ ಉದಾಹರಣೆಯಿಂದ ಸುಲಭವಾಗಿ ಹೇಳಬಹುದು. ಮಗ್ಗ ಓಡುವಾಗ ಎಳೆ ಕಡಿಯುತ್ತದೆ. ನೋಡಿಕೊಳ್ಳುವವರು ಕೂಡಲೇ ನಿಲ್ಲಿಸಿ ಎಳೆ ಸೇರಿಸುತ್ತಾರೆ. ನೋಡಿಕೊಳ್ಳುವವರೇ ಇಲ್ಲದಿದ್ದರೆ ಬಟ್ಟೆಯ ತುಂಬ ದೋಷ. ನಮ್ಮ ಜೀವಕೋಶಗಳು ಒಂದರಿಂದ ಎರಡಾಗುವಾಗಲೂ ವಂಶವಾಹಿಯ ಬರವಣಿಗೆಯಲ್ಲಿ ತಪ್ಪುಗಳಾಗುತ್ತವೆ. ಅವನ್ನು ತಿದ್ದಲು ಮೈಯಲ್ಲಿ ಕೆಲವು ಪ್ರೋಟೀನುಗಳಿವೆ. ಈ ತಿದ್ದುವ ವ್ಯವಸ್ಥೆಯೇ ಎಂ.ಎಂ.ಆರ್. ಅದರ ನಾಲ್ಕು ಮುಖ್ಯ ಪ್ರೋಟೀನುಗಳು ತುಣುಕಿನಲ್ಲಿ ಇವೆಯೋ ಇಲ್ಲವೋ ಎಂದು ಬಣ್ಣ ಹಾಕಿ ನೋಡುತ್ತಾರೆ. ಇದೇ ವಿಷಯವನ್ನು ಇನ್ನೊಂದು ವಿಧಾನದಲ್ಲಿ ನೋಡುವುದಕ್ಕೆ ಎಂ.ಎಸ್.ಐ. ಪರೀಕ್ಷೆ ಎನ್ನುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 15 ಜನರಲ್ಲಿ ಈ ವ್ಯವಸ್ಥೆ ಕೆಟ್ಟಿರುತ್ತದೆ. ದೂರಕ್ಕೆ ಹರಡಿದವರಲ್ಲಿ ನೋಡಿದರೆ ಇಂಥವರು ಸುಮಾರು 5 ಜನ ಮಾತ್ರ.

ಇದರಿಂದ ಏನು ಉಪಯೋಗ? ಎರಡನೇ ಹಂತದ ಕ್ಯಾನ್ಸರ್‌ನಲ್ಲಿ ಆಪರೇಷನ್ ಆದ ಮೇಲೆ ಕೊಡುವ 5-ಎಫ್.ಯು. ಎಂಬ ಔಷಧಿ ಒಂದನ್ನೇ ಕೊಟ್ಟರೆ ಇಂಥವರಿಗೆ ಪ್ರಯೋಜನವಿಲ್ಲ. ಅವರಿಗೆ ಆ ಕಷ್ಟ ತಪ್ಪಿಸಬಹುದು. ಇನ್ನು ಹರಡಿದ ರೋಗದಲ್ಲಿ, ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿ ಔಷಧಿಗಳು ಇವರಿಗೆ ಚೆನ್ನಾಗಿ ಹಿಡಿಯುತ್ತವೆ. ಜೀವಕೋಶದ ತುಂಬ ದೋಷ ಇರುವುದರಿಂದ ದೇಹದ ಕಾವಲುಗಾರರಿಗೆ ಅದನ್ನು ಗುರುತಿಸುವುದು ಸುಲಭ. 2020ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನದಲ್ಲಿ ಇಂಥ ರೋಗಿಗಳಲ್ಲಿ ಮಾಮೂಲಿ ಕಿಮೋಥೆರಪಿ ಸುಮಾರು 8 ತಿಂಗಳು ರೋಗವನ್ನು ತಡೆಹಿಡಿದರೆ, ಪೆಂಬ್ರೊಲಿಜುಮಾಬ್ ಎಂಬ ಔಷಧಿ ಸುಮಾರು 16 ತಿಂಗಳು ತಡೆಹಿಡಿಯಿತು. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈ ಬಗೆಯ ಗುದನಾಳದ ಕ್ಯಾನ್ಸರ್ ಇದ್ದ 12 ರೋಗಿಗಳಿಗೆ ಡೋಸ್ಟಾರ್ಲಿಮಾಬ್ ಎಂಬ ಔಷಧಿ ಕೊಟ್ಟಾಗ, ಹನ್ನೆರಡೂ ಜನರಲ್ಲಿ ಗಂಟು ಪೂರ್ತಿ ಮಾಯವಾಯಿತು. ಆಪರೇಷನ್ ಕೂಡ ಬೇಕಾಗಲಿಲ್ಲ. ಆ ಸುದ್ದಿ ಓದಿ "ಕ್ಯಾನ್ಸರ್‌ಗೆ ಔಷಧಿ ಸಿಕ್ಕಿತು" ಎಂದು ಬಹಳ ಜನ ತಿಳಿದರು. ಅದು ತಿದ್ದುವ ವ್ಯವಸ್ಥೆ ಕೆಟ್ಟಿರುವ ಬಗೆಗೆ ಮಾತ್ರ ಎಂಬ ಮಾತು ಸುದ್ದಿಯಲ್ಲಿ ಸಣ್ಣದಾಗಿ ಹೋಯಿತು. ಈ ಗುರುತು ಇಲ್ಲದವರು ಆಸ್ತಿ ಮಾರಿ ಆ ಔಷಧಿ ತಂದರೂ ಅಂಥ ಫಲ ಸಿಗುವುದಿಲ್ಲ.

ಎರಡನೆಯದು ರಾಸ್ ಪರೀಕ್ಷೆ. ಇದರಲ್ಲಿ ಕೆ-ರಾಸ್, ಎನ್-ರಾಸ್ ಎಂಬ ಎರಡು ವಂಶವಾಹಿಗಳನ್ನು ನೋಡುತ್ತಾರೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಆಫ್ ಮಾಡಿದರೆ ಮೋಟಾರು ನಿಲ್ಲಬೇಕು. ಆದರೆ ಯಾರೋ ವೈರನ್ನು ನೇರವಾಗಿ ಸೇರಿಸಿಬಿಟ್ಟಿದ್ದರೆ? ಸ್ಟಾರ್ಟರ್ ಎಷ್ಟು ಸಲ ಆಫ್ ಮಾಡಿದರೂ ಮೋಟಾರು ಓಡುತ್ತಲೇ ಇರುತ್ತದೆ. ಸೆಟುಕ್ಸಿಮಾಬ್, ಪ್ಯಾನಿಟುಮುಮಾಬ್ ಎಂಬ ಎರಡು ಇಂಜೆಕ್ಷನ್‌ಗಳು ಜೀವಕೋಶದ ಹೊರಗಿನ ಸ್ಟಾರ್ಟರನ್ನು ಆಫ್ ಮಾಡುತ್ತವೆ. ರಾಸ್ ವಂಶವಾಹಿಯಲ್ಲಿ ಬದಲಾವಣೆ ಆಗಿದ್ದರೆ ಒಳಗೆ ವೈರು ನೇರ ಸೇರಿದಂತೆ. ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. 100 ರೋಗಿಗಳಲ್ಲಿ ಸುಮಾರು 40 ಜನರಲ್ಲಿ ಕೆ-ರಾಸ್ ಬದಲಾವಣೆಯೇ ಇರುತ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥವರಿಗೆ ಈ ಔಷಧಿ ಕೊಡಬಾರದೆಂದು ಔಷಧಿಯ ವಿವರಣೆಯಲ್ಲೇ ಬರೆಸಿತು. ಪರೀಕ್ಷೆ ಮಾಡಿಸದೆ ಇವನ್ನು ಶುರು ಮಾಡಿದರೆ ಹೊಲವನ್ನೋ ಒಡವೆಯನ್ನೋ ಅಡವಿಟ್ಟು ತಂದ ಹಣ ನೀರಿಗೆ ಹಾಕಿದಂತೆ. ರೋಗಿಗೆ ಮೈಮೇಲೆ ಗುಳ್ಳೆ, ಭೇದಿಯ ಕಷ್ಟ ಬೇರೆ. ಗಂಟು ಕರುಳಿನ ಎಡಭಾಗದಲ್ಲಿದೆಯೋ ಬಲಭಾಗದಲ್ಲಿದೆಯೋ ಎಂಬುದನ್ನೂ ವೈದ್ಯರು ನೋಡುತ್ತಾರೆ. ಬಲಭಾಗದ್ದಕ್ಕೆ ಈ ಔಷಧಿಗಳ ಗುಣ ಕಡಿಮೆ.

ಇವಲ್ಲದೆ ಬಿ-ರಾಫ್ ಎಂಬ ಬದಲಾವಣೆ 100ರಲ್ಲಿ 8ರಿಂದ 10 ಜನರಲ್ಲಿ, ಹರ್-2 ಎಂಬ ಗುರುತು ಸುಮಾರು 3 ಜನರಲ್ಲಿ ಸಿಗುತ್ತದೆ. ಇವಕ್ಕೂ ಈಗ ಬೇರೆ ಬೇರೆ ಔಷಧಿಗಳಿವೆ. ರಾಸ್, ಬಿ-ರಾಫ್, ಹರ್-2 ಪರೀಕ್ಷೆಗಳು ಮುಖ್ಯವಾಗಿ ರೋಗ ಹರಡಿದವರಿಗೆ ಬೇಕಾಗುತ್ತವೆ. ಮೊದಲ ಹಂತದಲ್ಲೇ ಪತ್ತೆಯಾಗಿ ಆಪರೇಷನ್‌ನಿಂದ ಗುಣವಾದವರಿಗೆ ಈ ಖರ್ಚು ಸಾಮಾನ್ಯವಾಗಿ ಬೇಕಿಲ್ಲ. ಎಂ.ಎಂ.ಆರ್. ಮಾತ್ರ ಎಲ್ಲ ರೋಗಿಗಳಿಗೂ ಮಾಡಿಸಬೇಕೆಂಬುದು ಇಂದಿನ ವೈದ್ಯಕೀಯ ಸಲಹೆ. ಏಕೆಂದರೆ ಅದರ ಉತ್ತರ ರೋಗಿಗೆ ಮಾತ್ರವಲ್ಲ, ಮನೆಮಂದಿಗೂ ಬೇಕು.

ಮನೆಮಂದಿಗೆ ಸಿಗುವ ಉತ್ತರ

1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಆಲ್ಡ್ರೆಡ್ ವಾರ್ತಿನ್ ಅವರಿಗೆ ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ತನ್ನ ಭಯ ಹೇಳಿಕೊಂಡಳು. ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನ, ಹೊಟ್ಟೆಯ ಅಥವಾ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಸತ್ತರು, ನಾನೂ ಹಾಗೇ ಸಾಯುತ್ತೇನೆ ಎಂಬುದು ಅವಳ ಭಯ. ಆಗ ಅವಳಿಗೆ ಯಾವ ರೋಗವೂ ಇರಲಿಲ್ಲ. ಕೊನೆಗೆ ಹಾಗೆಯೇ ಆಯಿತು, ಗರ್ಭಕೋಶದ ಕ್ಯಾನ್ಸರ್‌ನಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ವಾರ್ತಿನ್ ಅವರು ಆ ಕುಟುಂಬದ ವಂಶಾವಳಿ ಬರೆದು 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಕುಟುಂಬಗಳನ್ನು 1960ರ ದಶಕದಿಂದ ಅಧ್ಯಯನ ಮಾಡಿದರು. ಅದಕ್ಕೇ ಇದನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ತಿದ್ದುವ ವ್ಯವಸ್ಥೆಯ ದೋಷವೇ ತಲೆಮಾರಿನಿಂದ ತಲೆಮಾರಿಗೆ ಬರುವುದು ಇದರ ಕಾರಣ.

ಕರುಳಿನ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 3 ಜನರಿಗೆ ಇದು ಇರುತ್ತದೆ. ಅವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮನೆಗಳಲ್ಲಿ 50 ವರ್ಷಕ್ಕೆ ಮೊದಲೇ ಕ್ಯಾನ್ಸರ್ ಬರುವುದು ಹೆಚ್ಚು. ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಅಪಾಯವೂ ಇದೆ. ಎಂ.ಎಂ.ಆರ್. ಪರೀಕ್ಷೆಯಲ್ಲಿ ದೋಷ ಕಂಡರೆ, ಅದು ವಂಶದಿಂದ ಬಂದದ್ದೋ ಅಲ್ಲವೋ ಎಂದು ಇನ್ನೊಂದು ರಕ್ತಪರೀಕ್ಷೆಯಿಂದ ತಿಳಿಯಬೇಕು. ವಂಶದ್ದೇ ಎಂದಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ದೊಡ್ಡವರಾದ ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳಬಹುದು. ಗುರುತು ಇದ್ದವರು ಎಳೆಯ ವಯಸ್ಸಿನಿಂದಲೇ, ಸಾಮಾನ್ಯವಾಗಿ 25ರ ಸುಮಾರಿನಿಂದ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸುತ್ತಾ ಹೋದರೆ ರೋಗವನ್ನು ತಡೆಯಬಹುದು. ಗುರುತು ಇಲ್ಲದವರ ಮನಸ್ಸಿನ ಭಾರ ಇಳಿಯುತ್ತದೆ.

ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇದೆ. ತಂದೆ ತಾಯಿ ಇಬ್ಬರಲ್ಲೂ ಈ ದೋಷ ಇದ್ದು ಎರಡೂ ಮಗುವಿಗೆ ಬಂದರೆ ಎಳವೆಯಲ್ಲೇ ಕ್ಯಾನ್ಸರ್ ಬರಬಹುದು. ಇದು ಬಹಳ ಅಪರೂಪ. ಆದರೂ ಮನೆತನದಲ್ಲಿ ಇಂಥ ರೋಗ ಇದ್ದರೆ ಸಂಬಂಧ ಬೆಳೆಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. "ಊರವರಿಗೆ ತಿಳಿದರೆ ಹೆಣ್ಣು ಕೊಡೋರು ಯಾರು?" ಎಂದು ರೋಗ ಮುಚ್ಚಿಡುವುದನ್ನು ನಾವು ಕಾಣುತ್ತೇವೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಒಡಹುಟ್ಟಿದವರಿಗಾದರೂ ಹೇಳಲೇಬೇಕು. ಅವರ ಜೀವದ ಪ್ರಶ್ನೆ ಅದು.

ಮೂರನೇ ಪ್ರಶ್ನೆ: ಮರಳಿ ಬಂತೇ?

ಇಲ್ಲಿ ಸಿ.ಇ.ಎ. ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಆಪರೇಷನ್‌ಗೆ ಮೊದಲು ಒಂದು ಸಲ ನೋಡಿ ಬರೆದಿಟ್ಟುಕೊಳ್ಳುತ್ತಾರೆ. ಏರಿದ್ದರೆ ಆಪರೇಷನ್ ಆದ ನಾಲ್ಕಾರು ವಾರಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ ರೋಗ ಎಲ್ಲೋ ಉಳಿದಿರಬಹುದು. ಆಮೇಲೆ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಂತರ 5 ವರ್ಷದವರೆಗೆ 6 ತಿಂಗಳಿಗೊಮ್ಮೆ ನೋಡುತ್ತಾರೆ. ಸಾಮಾನ್ಯ ಮಟ್ಟ ಒಂದು ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೊಗ್ರಾಂ ಒಳಗೆ. ಒಂದು ಸಲ ಸ್ವಲ್ಪ ಏರಿತು ಎಂದು ಹೆದರಬಾರದು. ಸಲದಿಂದ ಸಲಕ್ಕೆ ಏರುತ್ತಾ ಹೋದರೆ ಸ್ಕ್ಯಾನ್ ಮಾಡಿಸಬೇಕು. ಮರಳಿ ಬಂದ ರೋಗ ಪಿತ್ತಜನಕಾಂಗದಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ಅದನ್ನು ಕತ್ತರಿಸಿ ತೆಗೆದು ಗುಣಪಡಿಸುವ ಅವಕಾಶ ಕೆಲವರಿಗೆ ಇನ್ನೂ ಇರುತ್ತದೆ. ಬೇಗ ತಿಳಿಯಬೇಕು ಅಷ್ಟೇ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಒಂದೊಂದು ಕಡೆ ಒಂದೊಂದು ಯಂತ್ರವಾದರೆ ಲೆಕ್ಕ ಹೊಂದುವುದಿಲ್ಲ.

"ಈಗ ಚೆನ್ನಾಗಿದ್ದೀನಲ್ಲ, ಮತ್ತೆ ಯಾಕೆ ಬೆಂಗಳೂರಿಗೆ ಹೋಗೋದು?" ಎಂದು ಮರುತಪಾಸಣೆ ಬಿಡುವವರು ಬಹಳ. ಕಳೆ ಕಿತ್ತ ಹೊಲವನ್ನೂ ನಾವು ಮತ್ತೆ ಮತ್ತೆ ನೋಡಿಬರುತ್ತೇವೆ ಅಲ್ಲವೇ?

ಹೊಸದಾಗಿ ಬಂದಿರುವುದು ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳ ಡಿ.ಎನ್.ಎ. ಚೂರುಗಳನ್ನು ಹುಡುಕುವ ಪರೀಕ್ಷೆ. 2022ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಎರಡನೇ ಹಂತದ 455 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಮಾಮೂಲಿ ರೀತಿಯಲ್ಲಿ ನಿರ್ಧರಿಸಿದ ಗುಂಪಿನಲ್ಲಿ 100ಕ್ಕೆ 28 ಜನರಿಗೆ ಕಿಮೋಥೆರಪಿ ಕೊಟ್ಟರೆ, ಈ ಪರೀಕ್ಷೆ ನೋಡಿ ನಿರ್ಧರಿಸಿದ ಗುಂಪಿನಲ್ಲಿ 15 ಜನರಿಗೆ ಮಾತ್ರ ಕೊಡಬೇಕಾಯಿತು. ಆದರೂ ರೋಗ ಮರಳುವುದು ಹೆಚ್ಚಾಗಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಈ ಪರೀಕ್ಷೆ ತುಂಬಾ ದುಬಾರಿ. ಸಾಲ ಮಾಡಿ ಮಾಡಿಸುವಂಥದ್ದಲ್ಲ.

ಔಷಧಿಯ ವಿಷ ತಾಗದಂತೆ ನೋಡುವ ಗುರುತೂ ಒಂದಿದೆ. 5-ಎಫ್.ಯು. ಮತ್ತು ಕೆಪೆಸಿಟಾಬಿನ್ ಮಾತ್ರೆಯನ್ನು ಅರಗಿಸುವ ಶಕ್ತಿ ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಕಡಿಮೆ. ಅವರಿಗೆ ಮಾಮೂಲಿ ಪ್ರಮಾಣ ಕೊಟ್ಟರೆ ವಿಪರೀತ ಬಾಯಿಹುಣ್ಣು, ಭೇದಿ ಆಗಿ ಪ್ರಾಣಕ್ಕೇ ಬರಬಹುದು. ಯುರೋಪಿನಲ್ಲಿ 2020ರಿಂದ ಚಿಕಿತ್ಸೆಗೆ ಮೊದಲೇ ಡಿ.ಪಿ.ಡಿ. ಎಂಬ ಪರೀಕ್ಷೆ ಮಾಡಿಸಲು ಸಲಹೆ ಕೊಡುತ್ತಾರೆ. ಈ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಾಡಿಸಿದರೂ ಇಲ್ಲದಿದ್ದರೂ, ಮೊದಲ ಸುತ್ತಿನ ಔಷಧಿ ಆದ ಮೇಲೆ ಜ್ವರ, ಭೇದಿ, ಬಾಯಿಹುಣ್ಣು ಜೋರಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. "ಕಿಮೋ ಅಂದ್ರೆ ಹಾಗೇನೇ" ಎಂದು ಮನೆಯಲ್ಲಿ ಮಲಗಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿ ಹಿಮೋಗ್ಲೋಬಿನ್, ಬೆರಳಿನ ಪರೀಕ್ಷೆ ಮಾಡಿಸಿ, ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಸರ್ಕಾರಿ ಯೋಜನೆಯ ಸೌಲಭ್ಯಕ್ಕೂ ಬೇಕಾಗುತ್ತದೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು 1982ರಿಂದ ಅಲ್ಲಿಯೇ ಬರೆದಿಡುತ್ತಾ ಬಂದಿದ್ದಾರೆ. ದೇಶದಲ್ಲೇ ಮೊದಲು ಶುರುವಾದ ಇಂಥ ನೋಂದಣಿಗಳಲ್ಲಿ ಅದೂ ಒಂದು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಕ್ಯಾನ್ಸರ್ ವಿಭಾಗ ಇದೆ. ನಮ್ಮ ನಾಲ್ಕೂ ತಾಲ್ಲೂಕುಗಳಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಅದೇ ದಿನ ತಲುಪಬಹುದಾದ ಜಾಗಗಳಿವು. ರಾಜ್ಯದ ಬೇರೆ ಮೂಲೆಗಳ ಜನ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವ ಆಸ್ಪತ್ರೆಗೆ ಇಷ್ಟು ಹತ್ತಿರ ಇದ್ದೂ ನಾವು ತಡವಾಗಿ ಹೋದರೆ ಏನು ಹೇಳುವುದು?

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಆದರೆ ಮೇಲೆ ಹೇಳಿದ ಎಲ್ಲ ಪರೀಕ್ಷೆ, ಎಲ್ಲ ಹೊಸ ಔಷಧಿ ಇದರಲ್ಲಿ ಬರುತ್ತದೆ ಎಂದು ತಿಳಿಯಬೇಡಿ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಇನ್ನೊಂದು ಮುಖ್ಯ ಮಾತು. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ 'ಬ್ಲಾಕ್' ಎನ್ನುತ್ತಾರೆ, ಅದರಿಂದ ಗಾಜಿನ ಮೇಲೆ ತೆಗೆದದ್ದು 'ಸ್ಲೈಡ್'. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದುಕೊಳ್ಳಿ. ಎಂ.ಎಂ.ಆರ್., ರಾಸ್ ಪರೀಕ್ಷೆಗಳನ್ನು ಅದರಲ್ಲೇ ಮಾಡಬಹುದು. ಹೆಚ್ಚಿನ ಸಲ ಮತ್ತೆ ಚುಚ್ಚಿ ತುಣುಕು ತೆಗೆಯುವ ಕಷ್ಟ ತಪ್ಪುತ್ತದೆ. ರೇಷನ್ ಕಾರ್ಡು, ಪಹಣಿಯಂತೆ ಅದನ್ನೂ ಜೋಪಾನವಾಗಿಡಿ. ಬಿಸಿಲಿನಲ್ಲಿ ಬಿಟ್ಟರೆ ಮೇಣ ಕರಗುತ್ತದೆ.

ನೆನಪಿಡಿ

* ಮಲದಲ್ಲಿ ರಕ್ತ, ಮೂರು ವಾರಕ್ಕಿಂತ ಹೆಚ್ಚು ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ, ಹೋಗಿಬಂದರೂ ಪೂರ್ತಿ ಆಗಿಲ್ಲ ಅನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ರಕ್ತಹೀನತೆ: ಇವು ಕಂಡರೆ ವೈದ್ಯರಿಗೆ ತೋರಿಸಿ.
* ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಬೀಟ್‌ರೂಟ್‌ನಿಂದ ಕೆಂಪಾಗುತ್ತದೆ. ಗಾಬರಿ ಬೇಡ, ಆದರೆ ವೈದ್ಯರಿಗೆ ಹೇಳಿ.
* ಸಿ.ಇ.ಎ. ನಾರ್ಮಲ್ ಇದ್ದರೆ ಕ್ಯಾನ್ಸರ್ ಇಲ್ಲ ಎಂದಲ್ಲ.
* ಕ್ಯಾನ್ಸರ್ ಎಂದು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ: "ಎಂ.ಎಂ.ಆರ್. ಪರೀಕ್ಷೆ ಆಯ್ತಾ?" ಹರಡಿದ್ದರೆ: "ರಾಸ್ ಪರೀಕ್ಷೆ ಆಯ್ತಾ?"
* ಯಾವ ಪರೀಕ್ಷೆ ಬರೆದರೂ ವಿನಯದಿಂದ ಕೇಳಿ: "ಇದರ ಉತ್ತರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಡಾಕ್ಟ್ರೇ?" ಏನೂ ಬದಲಾಗದಿದ್ದರೆ ಆ ಪರೀಕ್ಷೆ ಬಹುಶಃ ಬೇಕಾಗಿಲ್ಲ.
* ಬೀಡಿ, ಸಿಗರೇಟು, ಮದ್ಯ ಬಿಡಿ. ರಾಗಿ, ಸೊಪ್ಪು, ಹುರುಳಿ, ಅವರೆ ನಮ್ಮ ಹಿರಿಯರ ಊಟ. ಅದರ ನಾರು ಕರುಳಿಗೆ ಒಳ್ಳೆಯದು.

ಸಂಘದ ಸಭೆಯಲ್ಲಿ ಚರ್ಚಿಸಲು

1. ಮಲದಲ್ಲಿ ರಕ್ತ ಬಿದ್ದರೆ ನಮ್ಮ ಊರಿನಲ್ಲಿ ಜನ ಮೊದಲು ಎಲ್ಲಿಗೆ ಹೋಗುತ್ತಾರೆ? ಏಕೆ?
2. ಹೆಣ್ಣುಮಕ್ಕಳು ಇಂಥ ತೊಂದರೆಯನ್ನು ಹೇಳಿಕೊಳ್ಳಲು ಸಂಘ ಹೇಗೆ ನೆರವಾಗಬಹುದು? ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಯಾರು?
3. ನಿಮ್ಮ ಮನೆಯ ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಇದನ್ನು ಸಭೆಯಲ್ಲಿ ಹೇಳಬೇಕಾಗಿಲ್ಲ, ಮನೆಯಲ್ಲಿಟ್ಟುಕೊಂಡರೆ ಸಾಕು. ವೈದ್ಯರ ಹತ್ತಿರ ಹೋಗುವ ದಿನ ಆ ಹಾಳೆಯನ್ನು ಮರೆಯದೆ ಒಯ್ಯಿರಿ.